ದಾರಿ ತೆರೆದ ಡ್ಯೂಕ್ ಸ್ಲೇಟರ್

ಗೋಪುರದ ತುದಿಯಲ್ಲಿರುವ ಕಳಸ ಊರಿನವರೆಲ್ಲರ ಕಣ್ಣಿಗೆ ಬೀಳುತ್ತದೆ. ಆ ಗೋಪುರವನ್ನು ಹೊತ್ತು ನಿಂತ ತಳಪಾಯದ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆಟದ ಬಯಲಿನಲ್ಲಿಯೂ ಹೀಗೆಯೇ. ಗೆಲುವಿನ ಅಂಕವನ್ನು ಗಳಿಸಿದವನ ಹೆಸರನ್ನು ಜನ ಕೂಗಿ ಕೊಂಡಾಡುತ್ತಾರೆ. ಅವನಿಗೆ ದಾರಿ ಮಾಡಿಕೊಟ್ಟವನನ್ನು ಬಹುಬೇಗ ಮರೆಯುತ್ತಾರೆ. ಅಂತಹ ಮರೆಯ ಸ್ಥಾನದಲ್ಲಿ ನಿಂತು ಆಡಿಯೂ ಒಂದು ದೊಡ್ಡ ನಾಡಿನ ಗೌರವವನ್ನು ಗಳಿಸಿದವರು ಅಮೆರಿಕದ ಡ್ಯೂಕ್ ಸ್ಲೇಟರ್. ಮೈಬಣ್ಣದ ಕಾರಣದಿಂದ ತಮ್ಮವರಿಗೆ ಆಟದ ಬಾಗಿಲು ಮುಚ್ಚಿದಾಗ ಅವರು ಎದೆಗುಂದಲಿಲ್ಲ. ಆಟಗಾರರಾಗಿ, ತರಬೇತುದಾರರಾಗಿ, ಕೊನೆಗೆ ನ್ಯಾಯಾಧೀಶರಾಗಿ ಅವರು ಬಾಳಿದ ಬಾಳು ನಾವು ತಿಳಿಯತಕ್ಕದ್ದಾಗಿದೆ.

ಸ್ಲೇಟರ್ ಆಡಿದ ಆಟದ ಸ್ವರೂಪವನ್ನು ಮೊದಲು ತಿಳಿದುಕೊಳ್ಳಬೇಕು. ಫುಟ್‌ಬಾಲ್ ಎಂದೊಡನೆ ನಮಗೆ ನೆನಪಾಗುವುದು ದುಂಡನೆಯ ಚೆಂಡನ್ನು ಕಾಲಿನಿಂದ ಒದೆಯುವ ಆಟ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ಬೇರೆಯದೇ ಆಗಿದೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಜೊತೆಗಾರನಿಗೆ ಎಸೆಯಬಹುದು. ಬಯಲಿನ ಉದ್ದ ನೂರು ಗಜ. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಯಾರ ಬಳಿ ಇದೆಯೋ ಆ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಎದುರಾಳಿಗಳ ಗಡಿಗೆರೆಯನ್ನು ದಾಟಿ ಚೆಂಡನ್ನು ಕೊಂಡೊಯ್ದರೆ ಆರು ಅಂಕಗಳು ದೊರೆಯುತ್ತವೆ.

ಚೆಂಡನ್ನು ಹಿಡಿದು ಓಡುವವನ ಮುಂದೆ ಏಳು ಮಂದಿ ಆಟಗಾರರು ಸಾಲಾಗಿ ಗೋಡೆಯಂತೆ ನಿಂತಿರುತ್ತಾರೆ. ಅವರಿಗೆ ಸಾಲಿನ ಆಟಗಾರರೆಂದು ಹೆಸರು. ಎದುರು ಪಕ್ಷದ ಸಾಲನ್ನು ಮೈಯಿಂದ ತಳ್ಳಿ, ಅದರಲ್ಲಿ ಬಿರುಕನ್ನು ಉಂಟುಮಾಡಿ, ಹಿಂದೆ ಬರುವ ಓಟಗಾರನಿಗೆ ಹಾದಿಯನ್ನು ಬಿಡಿಸಿಕೊಡುವುದು ಇವರ ಕೆಲಸ. ಇವರಲ್ಲಿ ಸಾಲಿನ ನಡುವಿನಿಂದ ಎರಡನೆಯ ಸ್ಥಾನದಲ್ಲಿ ನಿಲ್ಲುವವನನ್ನು ಟ್ಯಾಕಲ್ ಎಂದು ಕರೆಯುತ್ತಾರೆ. ಅವನ ಕೈಗೆ ಚೆಂಡು ಬರುವುದು ಬಲು ಅಪರೂಪ. ಏಟು ತಿನ್ನುವುದು ಮಾತ್ರ ಪ್ರತಿಯೊಂದು ಗಳಿಗೆಯಲ್ಲಿಯೂ ಉಂಟು. ಸ್ಲೇಟರ್ ತಮ್ಮ ಆಟದ ಬಾಳನ್ನೆಲ್ಲ ಕಳೆದದ್ದು ಈ ಸ್ಥಾನದಲ್ಲಿ. ಅವರ ಕಾಲದಲ್ಲಿ ಮುನ್ನುಗ್ಗುವ ಆಟಕ್ಕೆ ಒಂದು ಗುಂಪು, ತಡೆಯುವ ಆಟಕ್ಕೆ ಮತ್ತೊಂದು ಗುಂಪು ಎಂಬ ವಿಂಗಡಣೆ ಇರಲಿಲ್ಲ. ಆಟದ ಅರುವತ್ತು ನಿಮಿಷಗಳ ಕಾಲ ಒಬ್ಬನೇ ನಿಂತು ಎರಡು ಕೆಲಸಗಳನ್ನೂ ಮಾಡಬೇಕಾಗಿತ್ತು.

ಫ್ರೆಡರಿಕ್ ವೇಮನ್ ಸ್ಲೇಟರ್ ಹುಟ್ಟಿದ್ದು 1898ರ ಡಿಸೆಂಬರ್ 9ರಂದು, ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ. ತಂದೆ ಜಾರ್ಜ್ ಸ್ಲೇಟರ್ ಕರಿಯರ ಮೆಥೊಡಿಸ್ಟ್ ಚರ್ಚಿನ ಧರ್ಮಬೋಧಕರು. ಬಾಲಕನಿಗೆ ಡ್ಯೂಕ್ ಎಂಬ ಅಡ್ಡಹೆಸರು ಚಿಕ್ಕಂದಿನಲ್ಲಿಯೇ ಅಂಟಿಕೊಂಡಿತು. ಆ ಪದಕ್ಕೆ ದೊಡ್ಡ ಸರದಾರನೆಂಬ ಅರ್ಥವಿದ್ದರೂ, ಅದು ಬಂದದ್ದು ಮನೆಯ ಸಾಕುನಾಯಿಯ ಹೆಸರಿನಿಂದ ಎಂದು ಹೇಳುತ್ತಾರೆ. ಮುಂದೆ ಆ ಹೆಸರನ್ನು ಕೇಳಿದವರಿಗೆ ನೆನಪಾದದ್ದು ನಾಯಿಯಲ್ಲ, ಸರದಾರನೇ.

ಆ ಕಾಲದ ಅಮೆರಿಕದಲ್ಲಿ ಕರಿಯರ ಸ್ಥಿತಿ ಹೇಗಿತ್ತೆಂಬುದನ್ನು ಅರಿಯದೆ ಸ್ಲೇಟರ್ ಅವರ ಬಾಳಿನ ಅರ್ಥ ತಿಳಿಯಲಾರದು. ಗುಲಾಮಗಿರಿ 1865ರಲ್ಲಿಯೇ ಕಾನೂನಿನಿಂದ ರದ್ದಾಗಿತ್ತು. ಆದರೆ ಕಾನೂನು ಬಿಡಿಸಿದ ಸಂಕೋಲೆಯನ್ನು ಸಮಾಜ ಬೇರೊಂದು ರೂಪದಲ್ಲಿ ತೊಡಿಸಿತು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಏರ್ಪಾಡುಗಳನ್ನು ಮಾಡುವುದು ತಪ್ಪಲ್ಲವೆಂದು ಆ ದೇಶದ ಅತ್ಯುಚ್ಚ ನ್ಯಾಯಾಲಯವೇ 1896ರಲ್ಲಿ ತೀರ್ಪಿತ್ತಿತು. ರೈಲಿನ ಡಬ್ಬಿಯಿಂದ ಶಾಲೆಯ ಬೆಂಚಿನವರೆಗೆ ದಕ್ಷಿಣದ ರಾಜ್ಯಗಳಲ್ಲಿ ಈ ಭೇದ ವ್ಯಾಪಿಸಿತು. ಉತ್ತರದ ರಾಜ್ಯಗಳಲ್ಲಿ ಕಾನೂನಿನ ಕಟ್ಟು ಅಷ್ಟು ಬಿಗಿಯಾಗಿರಲಿಲ್ಲ. ಆದರೂ ರೂಢಿಯ ಕಟ್ಟು ಸಡಿಲವಾಗಿರಲಿಲ್ಲ. ಆ ತೀರ್ಪು ಹೊರಬಿದ್ದ ಎರಡು ವರ್ಷಗಳಲ್ಲಿ ಹುಟ್ಟಿದ ಮಗು ಡ್ಯೂಕ್.

ಬಾಲ್ಯದ ಕೆಲವು ವರ್ಷಗಳು ಶಿಕಾಗೋ ನಗರದಲ್ಲಿ ಕಳೆದವು. ಅಲ್ಲಿನ ಬೀದಿಗಳಲ್ಲಿ ಹುಡುಗರೊಡನೆ ಆಡುತ್ತ ಡ್ಯೂಕನಿಗೆ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಬಳಿಕ ತಂದೆಗೆ ಅಯೊವಾ ರಾಜ್ಯದ ಕ್ಲಿಂಟನ್ ಎಂಬ ಊರಿನ ಚರ್ಚಿಗೆ ವರ್ಗವಾಯಿತು. ಮಿಸಿಸಿಪಿ ನದಿಯ ದಡದ ಆ ಊರಿನ ಪ್ರೌಢಶಾಲೆಯಲ್ಲಿ ಡ್ಯೂಕ್ ಓದಿಗೆ ಸೇರಿದನು. ಶಾಲೆಯ ತಂಡವನ್ನೂ ಸೇರಬೇಕೆಂಬುದು ಅವನ ಹಂಬಲ. ಆದರೆ ತಂದೆ ಆಟಕ್ಕೆ ಅಪ್ಪಣೆ ಕೊಡಲಿಲ್ಲ.

ತಂದೆಯ ಅಂಜಿಕೆ ಕಾರಣವಿಲ್ಲದ್ದಾಗಿರಲಿಲ್ಲ. ಆ ದಿನಗಳಲ್ಲಿ ಈ ಆಟ ಬಹಳ ಅಪಾಯದ್ದಾಗಿತ್ತು. 1905ರಲ್ಲಿ ಆಟದ ಬಯಲಿನಲ್ಲಿ ಪೆಟ್ಟು ತಿಂದು ಹಲವು ಯುವಕರು ಸತ್ತಾಗ ದೇಶದಲ್ಲೆಲ್ಲ ಕೋಲಾಹಲವೆದ್ದು, ಮರುವರ್ಷ ಆಟದ ನಿಯಮಗಳನ್ನೇ ಬದಲಾಯಿಸಬೇಕಾಯಿತು. ಡ್ಯೂಕ್ ಮಾತ್ರ ಮನೆಯವರಿಗೆ ತಿಳಿಯದಂತೆ ತಂಡವನ್ನು ಸೇರಿಕೊಂಡನು. ಒಂದು ದಿನ ಮನೆಯಲ್ಲಿ ಹರಿದ ಆಟದ ಉಡುಪಿಗೆ ಹೊಲಿಗೆ ಹಾಕುತ್ತಿದ್ದುದು ತಂದೆಯ ಕಣ್ಣಿಗೆ ಬಿದ್ದು ಗುಟ್ಟು ಬಯಲಾಯಿತು. ತಂದೆ ಆಟವನ್ನು ಬಿಡುವಂತೆ ಕಟ್ಟಪ್ಪಣೆ ಮಾಡಿದರು. ಮಗ ಎದುರುತ್ತರ ಕೊಡಲಿಲ್ಲ. ಊಟವನ್ನು ಬಿಟ್ಟು ಕುಳಿತನು. ಉಪವಾಸ ದಿನದಿಂದ ದಿನಕ್ಕೆ ಬೆಳೆಯಿತು. ಕೊನೆಗೆ ತಂದೆಯ ಮನಸ್ಸು ಕರಗಿತು. ಆದರೆ ಮೈಗೆ ಪೆಟ್ಟು ಮಾಡಿಕೊಳ್ಳಬಾರದೆಂಬ ಕಟ್ಟಳೆಯನ್ನು ಅವರು ವಿಧಿಸಿದರು. ಅಂದಿನಿಂದ ಡ್ಯೂಕ್ ಎಷ್ಟೇ ನೋವಾದರೂ ಅದನ್ನು ಮನೆಯಲ್ಲಿ ತೋರಗೊಡಲಿಲ್ಲ. ನೋವನ್ನು ನುಂಗಿಕೊಂಡು ಮುಖವನ್ನು ಪ್ರಸನ್ನವಾಗಿ ಇಟ್ಟುಕೊಳ್ಳುವ ಅಭ್ಯಾಸ ಅವನಿಗೆ ಈ ರೀತಿಯಾಗಿ ಬಂದಿತು. ಆಟದಾಚೆಯ ಬಾಳಿನಲ್ಲಿಯೂ ಅದು ಅವನಿಗೆ ಬೇಕಾಯಿತು.

ತಂದೆಯ ಅಪ್ಪಣೆ ದೊರೆತರೂ ಮತ್ತೊಂದು ಅಡ್ಡಿ ಉಳಿದಿತ್ತು. ಶಾಲೆಯ ತಂಡದಲ್ಲಿ ಆಡುವವರು ತಲೆಗೆ ಶಿರಸ್ತ್ರಾಣವನ್ನೂ ಕಾಲಿಗೆ ಬೂಟುಗಳನ್ನೂ ತಾವೇ ಕೊಂಡುಕೊಳ್ಳಬೇಕಾಗಿತ್ತು. ಬಡ ಧರ್ಮಬೋಧಕರ ಮನೆಯಲ್ಲಿ ಎರಡನ್ನೂ ಕೊಳ್ಳುವಷ್ಟು ಹಣವಿರಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಡ್ಯೂಕ್ ಬೂಟುಗಳನ್ನು ಆರಿಸಿಕೊಂಡನು. ಅವನ ಪಾದಗಳು ಎಷ್ಟು ದೊಡ್ಡವೆಂದರೆ, ಬೇರೆಯವರ ಬೂಟುಗಳನ್ನು ಎರವಲು ಪಡೆದು ಆಡುವ ಹಾಗಿರಲಿಲ್ಲ. ಆದ್ದರಿಂದ ಬರಿದಲೆಯಲ್ಲಿಯೇ ಅವನು ಬಯಲಿಗೆ ಇಳಿದನು. ಅಂದು ಬಡತನ ಹೊರಿಸಿದ ರೂಢಿ ಮುಂದೆ ಅವನ ಗುರುತಾಯಿತು. ಕಾಲೇಜಿನಲ್ಲಿಯೂ ಬಹುಮಟ್ಟಿಗೆ ಅವನು ಶಿರಸ್ತ್ರಾಣವಿಲ್ಲದೆಯೇ ಆಡಿದನು. ಶಿರಸ್ತ್ರಾಣ ಕಾಲೇಜು ಆಟದಲ್ಲಿ ಕಡ್ಡಾಯವಾದದ್ದು 1939ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

1918ರಲ್ಲಿ ಸ್ಲೇಟರ್ ಅಯೊವಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಮೊದಲನೆಯ ವರ್ಷದ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಮುಖ್ಯ ತಂಡದಲ್ಲಿ ಆಡಬಾರದೆಂಬ ನಿಯಮವೊಂದಿತ್ತು. ಮೊದಲನೆಯ ಮಹಾಯುದ್ಧದ ಕಾರಣ ಆ ವರ್ಷ ಅದು ಸಡಿಲವಾಗಿತ್ತು. ಹೀಗಾಗಿ ನಾಲ್ಕು ವರ್ಷ ಆಡುವ ಅವಕಾಶ ಅವರಿಗೆ ಒದಗಿತು. ಆರು ಅಡಿಗೂ ಮೀರಿದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು, ಆ ಗಾತ್ರದವರಲ್ಲಿ ಕಾಣಸಿಗದ ಚುರುಕು, ಇವು ಸ್ಲೇಟರ್ ಅವರಲ್ಲಿ ಕೂಡಿಬಂದಿದ್ದವು. ಚಕ್ರ ಎಸೆತ, ಸುತ್ತಿಗೆ ಎಸೆತಗಳಲ್ಲಿಯೂ ಅವರು ವಿಶ್ವವಿದ್ಯಾನಿಲಯದ ಪರವಾಗಿ ಸ್ಪರ್ಧಿಸಿದರು.

ಬಯಲಿನಲ್ಲಿ ಅವರ ಶಕ್ತಿಯನ್ನು ಬೇಕೆಂದ ವಿಶ್ವವಿದ್ಯಾನಿಲಯ ಬಯಲಿನ ಹೊರಗೆ ಅವರಿಗೆ ಇರಲು ಒಂದು ಕೋಣೆಯನ್ನು ಕೊಡಲಿಲ್ಲ. ಅಲ್ಲಿನ ವಿದ್ಯಾರ್ಥಿನಿಲಯಗಳಲ್ಲಿ ಕರಿಯ ವಿದ್ಯಾರ್ಥಿಗಳಿಗೆ ಆಗ ಪ್ರವೇಶವಿರಲಿಲ್ಲ. ಶನಿವಾರ ಮಧ್ಯಾಹ್ನ ಸಾವಿರಾರು ಜನರ ಚಪ್ಪಾಳೆಯನ್ನು ಪಡೆದ ಆಟಗಾರ ಸಂಜೆ ತಂಗಲು ತನ್ನವರ ಆಶ್ರಯವನ್ನೇ ಹುಡುಕಬೇಕಾಗಿತ್ತು. ಸ್ಲೇಟರ್ ಈ ಅವಮಾನವನ್ನು ಒಪ್ಪಿಕೊಳ್ಳಲೂ ಇಲ್ಲ, ಅದರ ಕಾರಣದಿಂದ ಓದನ್ನು ತೊರೆಯಲೂ ಇಲ್ಲ. ಅವರು ತಮ್ಮ ಕೆಲಸವನ್ನು ಇತರರಿಗಿಂತ ಚೆನ್ನಾಗಿ ಮಾಡುತ್ತ ನಡೆದರು.

ಅವರ ಕೀರ್ತಿ ಶಿಖರವನ್ನು ಮುಟ್ಟಿದ್ದು 1921ರಲ್ಲಿ. ಆ ವರ್ಷದ ಅಕ್ಟೋಬರ್ 8ರಂದು ನೋಟರ್ ಡೇಮ್ ವಿಶ್ವವಿದ್ಯಾನಿಲಯದ ತಂಡ ಅಯೊವಾಕ್ಕೆ ಬಂದಿತು. ನೂಟ್ ರಾಕ್ನಿ ಎಂಬ ಪ್ರಸಿದ್ಧ ತರಬೇತುದಾರನ ಕೈಯಲ್ಲಿ ಪಳಗಿದ ಆ ತಂಡ ಅದಕ್ಕೆ ಮೊದಲು ಆಡಿದ 20 ಪಂದ್ಯಗಳನ್ನು ಸತತವಾಗಿ ಗೆದ್ದಿತ್ತು. ಹವರ್ಡ್ ಜೋನ್ಸ್ ಅಯೊವಾ ತಂಡದ ತರಬೇತುದಾರರು. ಆಟ ಮೊದಲಾಗುತ್ತಿದ್ದಂತೆಯೇ ಅಯೊವಾ ತಂಡ ಸ್ಲೇಟರ್ ನಿಂತ ಕಡೆಯಿಂದ ಚೆಂಡನ್ನು ಮುಂದಕ್ಕೆ ಸಾಗಿಸತೊಡಗಿತು. ಗಡಿಗೆರೆಯ ಬಳಿ ಬಂದಾಗ ಸ್ಲೇಟರ್ ಎದುರು ಪಕ್ಷದ ಆಟಗಾರರ ಮೇಲೆ ಬಿದ್ದು, ಒಬ್ಬನನ್ನಲ್ಲ, ಹಲವರನ್ನು ಒಟ್ಟಿಗೆ ಪಕ್ಕಕ್ಕೆ ತಳ್ಳಿದರು. ಹಾಗೆ ತೆರೆದ ಹಾದಿಯಲ್ಲಿ ಗಾರ್ಡನ್ ಲಾಕ್ ಎಂಬ ಜೊತೆಗಾರ ಚೆಂಡಿನೊಡನೆ ನುಗ್ಗಿ ಗಡಿಯನ್ನು ದಾಟಿದನು. ಆಬ್ರಿ ಡಿವೈನ್ ಎಂಬ ಮತ್ತೊಬ್ಬ ಆಟಗಾರ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕಗಳನ್ನು ಸೇರಿಸಿದನು. ಕೊನೆಗೆ ಅಯೊವಾ 10–7 ಅಂಕಗಳಿಂದ ಗೆದ್ದಿತು.

ಆ ಗಳಿಗೆಯ ಛಾಯಾಚಿತ್ರವೊಂದು ಉಳಿದುಬಂದಿದೆ. ಎಲ್ಲರ ತಲೆಯ ಮೇಲೂ ಚರ್ಮದ ಶಿರಸ್ತ್ರಾಣಗಳಿರುವ ಆ ಗುಂಪಿನಲ್ಲಿ ಸ್ಲೇಟರ್ ಒಬ್ಬರೇ ಬರಿದಲೆಯವರು. ಎದುರಾಳಿಗಳ ರಾಶಿಯನ್ನು ತಡೆಹಿಡಿದಿದ್ದಾರೆ. ಅಂಕವನ್ನು ಗಳಿಸಿದವನಿಗಿಂತಲೂ ಹಾದಿಯನ್ನು ಬಿಡಿಸಿದವನೇ ಪ್ರಸಿದ್ಧನಾದ ಅಪೂರ್ವ ಚಿತ್ರವದು. ಆ ವರ್ಷ ಅಯೊವಾ ತಂಡ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಗೆದ್ದು ತನ್ನ ವಲಯದ ಪ್ರಶಸ್ತಿಯನ್ನು ಪಡೆಯಿತು. ಇಡೀ ದೇಶದ ಕಾಲೇಜು ಆಟಗಾರರಲ್ಲಿ ಶ್ರೇಷ್ಠರನ್ನು ಆರಿಸಿದವರು ಸ್ಲೇಟರ್ ಅವರ ಹೆಸರನ್ನು ತಮ್ಮ ಪಟ್ಟಿಗಳಲ್ಲಿ ಸೇರಿಸಿದರು.

1922ರಲ್ಲಿ ಸ್ಲೇಟರ್ ವೃತ್ತಿ ಆಟಗಾರರಾದರು. ಎರಡು ವರ್ಷಗಳ ಹಿಂದೆ ಸ್ಥಾಪನೆಯಾಗಿದ್ದ ವೃತ್ತಿ ತಂಡಗಳ ಒಕ್ಕೂಟ ಅದೇ ವರ್ಷ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಪಡೆಯಿತು. ಸಾಲಿನ ಆಟಗಾರನಾಗಿ ಆ ಲೀಗಿನಲ್ಲಿ ಆಡಿದ ಕರಿಯರಲ್ಲಿ ಸ್ಲೇಟರ್ ಮೊದಲಿಗರು. ಮಿಸಿಸಿಪಿ ನದಿಯ ದಡದ ಇನ್ನೊಂದು ಊರಾದ ರಾಕ್ ಐಲೆಂಡಿನ ಇಂಡಿಪೆಂಡೆಂಟ್ಸ್ ಎಂಬ ತಂಡ ಅವರನ್ನು ಸೇರಿಸಿಕೊಂಡಿತು. ಅಂದಿನ ವೃತ್ತಿ ಆಟ ಇಂದಿನಂತೆ ಕೋಟಿಗಳ ವ್ಯವಹಾರವಾಗಿರಲಿಲ್ಲ. ತಂಡಗಳು ಹುಟ್ಟುತ್ತಿದ್ದವು, ಹಣ ಸಾಲದೆ ಮುಚ್ಚುತ್ತಿದ್ದವು. ಒಲಿಂಪಿಕ್ ವೀರ ಜಿಮ್ ಥಾರ್ಪ್ ಕೂಡ ಕೆಲಕಾಲ ಇದೇ ತಂಡದಲ್ಲಿ ಸ್ಲೇಟರ್ ಅವರ ಜೊತೆಗಾರರಾಗಿದ್ದರು.

1924ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ರಾಕ್ ಐಲೆಂಡ್ ತಂಡ ಮಿಜೂರಿ ರಾಜ್ಯದ ಕನ್ಸಾಸ್ ಸಿಟಿಗೆ ಪಂದ್ಯಕ್ಕಾಗಿ ಹೋಗಬೇಕಾಗಿತ್ತು. ಅಲ್ಲಿ ಕರಿಯರು ಬಿಳಿಯರೊಡನೆ ಕೂಡಿ ಆಡಬಾರದೆಂಬುದು ಬರೆಯದ ಒಪ್ಪಂದ. ಸಭ್ಯರ ಒಪ್ಪಂದವೆಂದು ಅದಕ್ಕೊಂದು ಸೊಗಸಾದ ಹೆಸರಿತ್ತು. ಅದರಲ್ಲಿ ಸಭ್ಯತೆಯ ಲೇಶವೂ ಇರಲಿಲ್ಲವೆಂಬುದು ಬೇರೆ ಮಾತು. ತಂಡ ಆ ಒತ್ತಾಯಕ್ಕೆ ಮಣಿಯಿತು. ಸ್ಲೇಟರ್ ಆಡಲಿಲ್ಲ; ತಂಡ ಸೋತಿತು. ಅದೇ ವರ್ಷ ಕನ್ಸಾಸ್ ಸಿಟಿಯ ತಂಡ ರಾಕ್ ಐಲೆಂಡಿಗೆ ಬಂದಾಗ ಸ್ಲೇಟರ್ ಸಾಲಿನಲ್ಲಿ ನಿಂತರು, ತಂಡ ಗೆದ್ದಿತು. ತಮ್ಮ ವೃತ್ತಿಜೀವನದಲ್ಲಿ ಸ್ಲೇಟರ್ ಪೆಟ್ಟು ತಿಂದು ಒಂದು ಪಂದ್ಯವನ್ನೂ ತಪ್ಪಿಸಿಕೊಂಡವರಲ್ಲ. ಅವರು ತಪ್ಪಿಸಿಕೊಳ್ಳಬೇಕಾಗಿ ಬಂದ ಆ ಒಂದು ಪಂದ್ಯಕ್ಕೆ ಕಾರಣ ಮೈಯ ನೋವಲ್ಲ, ಮೈಯ ಬಣ್ಣ.

1926ರಲ್ಲಿ ರಾಕ್ ಐಲೆಂಡ್ ತಂಡ ಮುಚ್ಚಿಹೋಯಿತು. ಸ್ಲೇಟರ್ ಶಿಕಾಗೋ ಕಾರ್ಡಿನಲ್ಸ್ ತಂಡವನ್ನು ಸೇರಿದರು. ಈ ಹೊತ್ತಿಗೆ ಲೀಗಿನಲ್ಲಿ ಕರಿಯ ಆಟಗಾರರ ಸಂಖ್ಯೆ ಕ್ಷೀಣಿಸುತ್ತಿತ್ತು. 1927ರಲ್ಲಿ ಹಾಗೂ 1929ರಲ್ಲಿ ಇಡೀ ಲೀಗಿನಲ್ಲಿ ಕರಿಯ ಆಟಗಾರರೆಂದರೆ ಸ್ಲೇಟರ್ ಒಬ್ಬರೇ. ಒಂಟಿಯಾಗಿ ನಿಂತವನ ಒಂದು ತಪ್ಪು ಅವನ ಜನಾಂಗದ ತಪ್ಪೆಂದು ಎಣಿಸಲ್ಪಡುವ ಕಾಲವದು. ಅಂತಹ ಭಾರವನ್ನು ಹೊತ್ತುಕೊಂಡು ಅವರು ಪ್ರತಿಯೊಂದು ಪಂದ್ಯವನ್ನೂ ಆಡಿದರು. ಕೋಪಕ್ಕೆ ಎಡೆಗೊಟ್ಟು ಕೈಮಾಡಿದವರೆಂಬ ಮಾತು ಬರಲಿಲ್ಲ. ಎದುರಾಳಿಗೆ ಹೆದರಿ ಹಿಂಜರಿದವರೆಂಬ ಮಾತೂ ಬರಲಿಲ್ಲ.

1929ರ ನವೆಂಬರ್ 28ರಂದು ಕಾರ್ಡಿನಲ್ಸ್ ತಂಡ ತನ್ನ ಊರಿನದೇ ಆದ ಶಿಕಾಗೋ ಬೇರ್ಸ್ ತಂಡವನ್ನು 40–6 ಅಂಕಗಳಿಂದ ಸೋಲಿಸಿತು. ಆ ನಲವತ್ತು ಅಂಕಗಳನ್ನೂ ಗಳಿಸಿದವನು ಅರ್ನಿ ನೆವರ್ಸ್ ಎಂಬ ಒಬ್ಬನೇ ಆಟಗಾರ. ತೊಂಬತ್ತು ವರ್ಷಗಳು ಕಳೆದರೂ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಅಂದು ನೆವರ್ಸನ ಮುಂದಿನ ಸಾಲಿನಲ್ಲಿ ನಿಂತು, ಬೇರ್ಸ್ ತಂಡದ ಗೋಡೆಯನ್ನು ಮತ್ತೆ ಮತ್ತೆ ಒಡೆದವರಲ್ಲಿ ಸ್ಲೇಟರ್ ಮುಖ್ಯರು. ದಾಖಲೆಯ ಪುಸ್ತಕದಲ್ಲಿ ನೆವರ್ಸನ ಹೆಸರಿನ ಮುಂದೆ ನಲವತ್ತು ಅಂಕಗಳಿವೆ. ಸ್ಲೇಟರ್ ಅವರ ಲೆಕ್ಕಕ್ಕೆ ಅಂದು ಒಂದು ಅಂಕವೂ ಸೇರಲಿಲ್ಲ. ಸಾಲಿನ ಆಟಗಾರನ ದುಡಿಮೆಯ ರೀತಿಯೇ ಹೀಗೆ.

ಆಡುತ್ತಿರುವಾಗಲೇ ಸ್ಲೇಟರ್ ಮುಂದಿನ ಬಾಳಿನ ಯೋಚನೆಯನ್ನೂ ಮಾಡಿದರು. ಆಟದ ಬಲ ಮೂವತ್ತು ಮೂವತ್ತೈದು ವರ್ಷಗಳಿಗೆ ಮುಗಿಯುವಂತಹುದೆಂಬುದನ್ನು ಅವರು ಬಲ್ಲರು. ಪಂದ್ಯಗಳು ನಡೆಯುವುದು ವರ್ಷದ ಕೊನೆಯ ತಿಂಗಳುಗಳಲ್ಲಿ ಮಾತ್ರ. ಉಳಿದ ಕಾಲವನ್ನು ಅವರು ಅಯೊವಾ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ವ್ಯಾಸಂಗಕ್ಕೆ ಮೀಸಲಿಟ್ಟರು. ಹೀಗೆ ಬಿಡುವಿನ ತಿಂಗಳುಗಳನ್ನು ಕೂಡಿಸಿ ಕೂಡಿಸಿ 1928ರಲ್ಲಿ ಕಾನೂನು ಪದವಿಯನ್ನು ಪಡೆದರು. ಬಳಿಕ ಶಿಕಾಗೋದಲ್ಲಿ ವಕೀಲಿಯನ್ನು ಆರಂಭಿಸಿದರು. 1931ರಲ್ಲಿ, ಹತ್ತು ವರ್ಷಗಳ ವೃತ್ತಿ ಆಟದ ತರುವಾಯ, ಅವರು ಲೀಗಿನಿಂದ ನಿವೃತ್ತರಾದರು.

ಅವರು ಹೊರಬಂದ ಸ್ವಲ್ಪಕಾಲದಲ್ಲಿಯೇ ಹಿಂದಿನಿಂದ ಬಾಗಿಲು ಮುಚ್ಚಿತು. 1933ರ ಪಂದ್ಯಗಳು ಮುಗಿದ ಮೇಲೆ ಲೀಗಿನ ಯಾವ ತಂಡವೂ ಕರಿಯ ಆಟಗಾರರನ್ನು ಸೇರಿಸಿಕೊಳ್ಳಲಿಲ್ಲ. 1929ರಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟಿನಿಂದ ದೇಶದಲ್ಲಿ ನಿರುದ್ಯೋಗ ಹೆಚ್ಚಿತ್ತು. ಇರುವ ಕೆಲವೇ ಸ್ಥಾನಗಳು ಬಿಳಿಯರಿಗೇ ಸಲ್ಲಲಿ ಎಂಬ ಮನೋಭಾವ ಬಲಿಯಿತು. ಯಾವ ಕಾಗದದ ಮೇಲೆಯೂ ಇದನ್ನು ಬರೆಯಲಿಲ್ಲ, ಯಾವ ಸಭೆಯೂ ಇದನ್ನು ಸಾರಿ ಹೇಳಲಿಲ್ಲ. ಆದರೂ 1934ರಿಂದ 1945ರವರೆಗೆ ಹನ್ನೆರಡು ವರ್ಷಗಳ ಕಾಲ ಆ ಲೀಗಿನಲ್ಲಿ ಕರಿಯ ಆಟಗಾರನೊಬ್ಬನೂ ಕಾಣಿಸಲಿಲ್ಲ. ಬರೆದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಬರೆಯದ ಕಟ್ಟಳೆಯನ್ನು ಪ್ರಶ್ನಿಸುವುದು ಹೇಗೆ?

ಈ ಕತ್ತಲೆಯ ಕಾಲದಲ್ಲಿ ಸ್ಲೇಟರ್ ತರಬೇತುದಾರರಾಗಿ ದುಡಿದರು. ಒಕ್ಲಹೋಮ ಸಿಟಿಯಲ್ಲಿ ಕರಿಯ ಮಕ್ಕಳು ಓದುತ್ತಿದ್ದ ಡಗ್ಲಾಸ್ ಪ್ರೌಢಶಾಲೆಯಲ್ಲಿ ಕೆಲಕಾಲ ಆಟವನ್ನು ಕಲಿಸಿದರು. ಶಿಕಾಗೋಗೆ ಮರಳಿದ ಮೇಲೆ ಕರಿಯ ಆಟಗಾರರದೇ ಆದ ತಂಡಗಳನ್ನು ತರಬೇತುಗೊಳಿಸಿದರು. 1937ರಲ್ಲಿ ಬ್ರೌನ್ ಬಾಂಬರ್ಸ್, 1939ರಲ್ಲಿ ಕಾಮೆಟ್ಸ್, 1940ರಲ್ಲಿ ಪ್ಯಾಂಥರ್ಸ್ ಎಂಬ ತಂಡಗಳು ಅವರ ಮಾರ್ಗದರ್ಶನವನ್ನು ಪಡೆದವು. ದೊಡ್ಡ ಲೀಗಿನ ತಂಡಗಳಿಗೆ ಹಣವಿತ್ತು, ಬಯಲುಗಳಿದ್ದವು, ಪತ್ರಿಕೆಗಳ ಪ್ರಚಾರವಿತ್ತು. ಈ ಸಣ್ಣ ತಂಡಗಳಿಗೆ ಅವಾವುವೂ ಇರಲಿಲ್ಲ. ಇಂತಹ ಕಡೆ ತರಬೇತುದಾರನ ಕೆಲಸ ಕಲಿಸುವುದಕ್ಕೆ ಮಾತ್ರ ಸೀಮಿತವಾಗಿರುವುದಿಲ್ಲ. ಕಾಲೇಜುಗಳಲ್ಲಿ ಚೆನ್ನಾಗಿ ಆಡಿ ಮುಂದೆ ಹೋಗಲು ದಾರಿಯಿಲ್ಲದೆ ಬೇರೆ ಬೇರೆ ಉದ್ಯೋಗಗಳಲ್ಲಿ ಚದುರಿಹೋದವರನ್ನು ಗುರುತಿಸಬೇಕು. ಅವರಲ್ಲಿ ಯಾರು ಯಾವ ಸ್ಥಾನಕ್ಕೆ ಯೋಗ್ಯರೆಂಬುದನ್ನು ಅಳೆಯಬೇಕು. ಆಸೆಯಿಲ್ಲದವರಲ್ಲಿ ಆಸೆಯನ್ನು ಹುಟ್ಟಿಸಬೇಕು.

1938ರಲ್ಲಿ ಶಿಕಾಗೋದ ಸೋಲ್ಜರ್ ಫೀಲ್ಡ್ ಎಂಬ ವಿಶಾಲವಾದ ಕ್ರೀಡಾಂಗಣದಲ್ಲಿ ಒಂದು ವಿಶೇಷ ಪಂದ್ಯ ನಡೆಯಿತು. ದೇಶದ ಆಯ್ದ ಕರಿಯ ಆಟಗಾರರ ತಂಡಕ್ಕೂ ಲೀಗಿನ ಬಲಿಷ್ಠ ತಂಡವಾದ ಶಿಕಾಗೋ ಬೇರ್ಸ್‌ಗೂ ಪಂದ್ಯ. ಕರಿಯರ ತಂಡವನ್ನು ತರಬೇತುಗೊಳಿಸಿದವರಲ್ಲಿ ಸ್ಲೇಟರ್ ಒಬ್ಬರು. ಲೀಗಿನಲ್ಲಿ ಕೊನೆಯದಾಗಿ ಆಡಿದ ಕರಿಯರಲ್ಲಿ ಒಬ್ಬರಾದ ರೇ ಕೆಂಪ್ ಇನ್ನೊಬ್ಬರು. ಬೇರ್ಸ್ ಆಟಗಾರರು ವರ್ಷಗಟ್ಟಲೆ ಕೂಡಿ ಆಡಿ ಪಳಗಿದವರು. ಇವರಾದರೋ ಬೇರೆ ಬೇರೆ ಊರುಗಳಿಂದ ಬಂದು ಕೆಲವೇ ದಿನಗಳ ಅಭ್ಯಾಸ ಮಾಡಿ ಬಯಲಿಗೆ ಇಳಿದವರು. ಫಲಿತಾಂಶ ಕಠೋರವಾಗಿತ್ತು. ಬೇರ್ಸ್ ತಂಡ 51–0 ಅಂಕಗಳಿಂದ ಗೆದ್ದಿತು.

ಈ ಸೋಲನ್ನು ಚರಿತ್ರೆಯಲ್ಲಿ ಮರೆಮಾಚಬೇಕಾಗಿಲ್ಲ. ಕರಿಯರಿಗೆ ಆಟದ ಯೋಗ್ಯತೆಯಿಲ್ಲವೆಂದು ಅದರಿಂದ ತೀರ್ಮಾನಿಸುವವರು ಆಗ ಇದ್ದಿರಬಹುದು. ಆದರೆ ಆ ಸೋಲು ನಿಜವಾಗಿ ತೋರಿಸಿದ್ದು ಬೇರೆಯದೇ ಸಂಗತಿಯನ್ನು. ಬೀಜ ಎಷ್ಟೇ ಒಳ್ಳೆಯದಾಗಿದ್ದರೂ ಮಣ್ಣು ನೀರು ದೊರೆಯದಿದ್ದರೆ ಬೆಳೆ ಬಾರದು. ಒಬ್ಬನಿಗೆ ನಿತ್ಯವೂ ಓಡುವ ಅವಕಾಶವನ್ನಿತ್ತು, ಇನ್ನೊಬ್ಬನನ್ನು ಐದು ವರ್ಷ ಕಟ್ಟಿಹಾಕಿ, ಬಳಿಕ ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸಿದರೆ ಅದು ಸ್ಪರ್ಧೆಯಾಗಲಾರದು. ಇದನ್ನು ತಿಳಿದಿದ್ದ ಸ್ಲೇಟರ್ ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಮರುವರ್ಷವೇ ಮತ್ತೊಂದು ತಂಡದ ತರಬೇತಿಯನ್ನು ಕೈಗೆತ್ತಿಕೊಂಡರು.

1946ರಲ್ಲಿ ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ಎಂಬ ಇಬ್ಬರು ಕರಿಯ ಆಟಗಾರರನ್ನು ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ ಸೇರಿಸಿಕೊಂಡಾಗ ಮುಚ್ಚಿದ್ದ ಬಾಗಿಲು ತೆರೆಯಿತು. ಎಲ್ಲ ತಂಡಗಳಲ್ಲಿಯೂ ಅದು ತೆರೆಯಲು 1962ರವರೆಗೆ ಕಾಯಬೇಕಾಯಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಪ್ರಾಯ ಕಳೆದುಕೊಂಡ ಆಟಗಾರರಿಗೆ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಆದರೆ ಆ ಕಾಲದಲ್ಲಿಯೂ ಆಟವನ್ನು ಬಿಡದೆ ಉಳಿಸಿಕೊಂಡು ಬಂದವರ ಶ್ರಮ ವ್ಯರ್ಥವಾಗಲಿಲ್ಲ.

ಸ್ಲೇಟರ್ ಅವರ ಬಾಳಿನ ಎರಡನೆಯ ಭಾಗ ನ್ಯಾಯಾಲಯದಲ್ಲಿ ಕಳೆಯಿತು. ಶಿಕಾಗೋದಲ್ಲಿ ನ್ಯಾಯಾಧೀಶರನ್ನು ಜನರೇ ಮತಗಳಿಂದ ಆರಿಸುವ ಪದ್ಧತಿಯಿತ್ತು. 1948ರಲ್ಲಿ ಸ್ಲೇಟರ್ ನಗರದ ಮುನಿಸಿಪಲ್ ನ್ಯಾಯಾಲಯದ ನ್ಯಾಯಾಧೀಶರಾಗಿ ಆಯ್ಕೆಯಾದರು. ಹೀಗೆ ಚುನಾಯಿತರಾದ ಕರಿಯರಲ್ಲಿ ಅವರು ಆ ನಗರಕ್ಕೆ ಎರಡನೆಯವರು. 1960ರಲ್ಲಿ ಅದಕ್ಕಿಂತ ಮೇಲಿನ ಸುಪೀರಿಯರ್ ನ್ಯಾಯಾಲಯಕ್ಕೆ ಏರಿದಾಗ ಆ ಪೀಠದಲ್ಲಿ ಕುಳಿತ ಕರಿಯರಲ್ಲಿ ಅವರೇ ಮೊದಲಿಗರು. ತಮ್ಮ ಬಣ್ಣವನ್ನು ಕಂಡು ಆಟದಿಂದ ಹೊರಗಿಟ್ಟ ಸಮಾಜದ ಬಿಳಿಯರೂ ಕರಿಯರೂ ಈಗ ಅವರ ಮುಂದೆ ನ್ಯಾಯ ಬೇಡಿ ನಿಂತರು. ತಮಗೆ ಆದ ಅನ್ಯಾಯದ ಲೆಕ್ಕವನ್ನು ಅವರು ಆ ಪೀಠದಿಂದ ತೀರಿಸಲು ಹೋಗಲಿಲ್ಲ. ತಮಗೆ ದೊರೆಯದಿದ್ದ ಸಮದೃಷ್ಟಿ ಇತರರಿಗೆ ದೊರೆಯುವಂತೆ ನೋಡಿಕೊಳ್ಳುವ ಸ್ಥಾನ ಅವರದಾಗಿತ್ತು. ಅಯೊವಾ ವಿಶ್ವವಿದ್ಯಾನಿಲಯದೊಡನೆ ಅವರ ನಂಟು ಕೊನೆಯವರೆಗೂ ಉಳಿಯಿತು.

1966ರ ಆಗಸ್ಟ್ ತಿಂಗಳಿನಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಸ್ಲೇಟರ್ ಶಿಕಾಗೋದಲ್ಲಿ ತೀರಿಕೊಂಡರು. ಜೀವಿಸಿದ್ದಾಗಲೇ ಅವರಿಗೆ ಸಂದ ಒಂದು ದೊಡ್ಡ ಮನ್ನಣೆಯುಂಟು. 1951ರಲ್ಲಿ ಕಾಲೇಜು ಫುಟ್‌ಬಾಲಿನ ಗೌರವಪಟ್ಟಿಗೆ ಮೊದಲ ತಂಡದ ಆಟಗಾರರನ್ನು ಆರಿಸಿದಾಗ ಅವರಲ್ಲಿ ಕರಿಯರೆಂದರೆ ಸ್ಲೇಟರ್ ಒಬ್ಬರೇ. ಉಳಿದ ಗೌರವಗಳು ತಡವಾಗಿ ಬಂದವು. 1972ರಲ್ಲಿ ಅಯೊವಾ ವಿಶ್ವವಿದ್ಯಾನಿಲಯ ತನ್ನ ಒಂದು ವಿದ್ಯಾರ್ಥಿನಿಲಯಕ್ಕೆ ಸ್ಲೇಟರ್ ಅವರ ಹೆಸರನ್ನಿಟ್ಟಿತು. ಕರಿಯನೆಂಬ ಕಾರಣಕ್ಕೆ ಯಾರಿಗೆ ತನ್ನ ವಿದ್ಯಾರ್ಥಿನಿಲಯದಲ್ಲಿ ಒಂದು ಮಂಚವನ್ನು ಕೊಡಲಿಲ್ಲವೋ ಅವರ ಹೆಸರನ್ನು ಇಡೀ ಕಟ್ಟಡವೇ ಹೊತ್ತುಕೊಂಡಿತು. 2019ರಲ್ಲಿ ಅಲ್ಲಿನ ಕಿನಿಕ್ ಕ್ರೀಡಾಂಗಣದಲ್ಲಿ 1921ರ ನೋಟರ್ ಡೇಮ್ ಪಂದ್ಯದ ಆ ದೃಶ್ಯವನ್ನು ಉಬ್ಬುಶಿಲ್ಪವಾಗಿ ನಿಲ್ಲಿಸಿದರು. 2021ರಲ್ಲಿ ಆ ಕ್ರೀಡಾಂಗಣದ ಬಯಲಿಗೆ ಡ್ಯೂಕ್ ಸ್ಲೇಟರ್ ಬಯಲೆಂದು ನಾಮಕರಣವಾಯಿತು. ವೃತ್ತಿ ಫುಟ್‌ಬಾಲಿನ ಗೌರವಪಟ್ಟಿಗೆ ಅವರು ಆಯ್ಕೆಯಾದದ್ದು 2020ರಲ್ಲಿ, ತೀರಿಕೊಂಡು ಐವತ್ತಮೂರು ವರ್ಷಗಳು ಕಳೆದ ಮೇಲೆ.

ತಡವಾಗಿ ಬಂದ ಮನ್ನಣೆಯನ್ನು ಕಂಡು ನಾವು ಸಂತೋಷಪಡಬಹುದು. ಆದರೆ ಅದು ತಡವಾದುದೇಕೆ ಎಂಬ ಪ್ರಶ್ನೆಯನ್ನೂ ಮರೆಯಬಾರದು. ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿದೆ. ಸ್ಲೇಟರ್ ತಾಳಿದರು, ಬಾಳಿದರು. ಆದರೆ ಅವರ ತಾಳ್ಮೆ ಅನ್ಯಾಯಕ್ಕೆ ತಲೆಬಾಗುವ ತಾಳ್ಮೆಯಾಗಿರಲಿಲ್ಲ. ಒಂದು ಹಾದಿ ಮುಚ್ಚಿದಾಗ ಇನ್ನೊಂದು ಹಾದಿಯನ್ನು ಬಿಡಿಸುವ, ಬಿಡಿಸಿದ ಹಾದಿಯಲ್ಲಿ ತಮ್ಮ ಹಿಂದೆ ಬರುವವರೂ ನಡೆಯಲೆಂದು ಹಾರೈಸುವ ತಾಳ್ಮೆ ಅದು. ಸಾಲಿನ ಆಟಗಾರನ ಧರ್ಮವೂ ಅದೇ ಅಲ್ಲವೇ? ಚೆಂಡು ಅವನ ಕೈಗೆ ಬರುವುದಿಲ್ಲ. ಗೆಲುವಿನ ಗೆರೆಯನ್ನು ಅವನು ದಾಟುವುದಿಲ್ಲ. ಆದರೆ ಅವನು ನಿಲ್ಲದಿದ್ದರೆ ಯಾರೂ ಆ ಗೆರೆಯನ್ನು ದಾಟಲಾರರು.